ಬೆಲ್ಲದ ಕಡಾಯಿಯಲ್ಲಿ ತಿರುಗಿದ ಚೆಂಡು

ಚಿಕ್ಕೋಡಿಯಿಂದ ಬೆಳಗಿನ ಬಸ್ಸಿನಲ್ಲಿ ಹೊರಟಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಬ್ಬೂರಿನವರೆಗೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿದೆವು. ರಾಯಬಾಗದಲ್ಲಿ ಇಳಿದು ಬಿಸಿ ಭಜಿ ತಿಂದು ಅಲಖನೂರಿನ ಬಸ್ಸು ಹಿಡಿದೆ. ಅಲ್ಲಿ ನನ್ನ ಬಾಲ್ಯದ ಗೆಳೆಯ ಅಣ್ಣಾಸಾಬ ರಸ್ತೆ ಪಕ್ಕದ ಹೊಲದಲ್ಲಿ ಗಾಲ್ಫ್ ಅಂಗಳ ಕಟ್ಟುತ್ತಿದ್ದ. ಅದಕ್ಕೆ ಅರ್ಧ ಕಾರಣ ನೀನೇ ಎಂದು ನನಗೆ ಫೋನಿನಲ್ಲಿ ಹೇಳಿದ್ದ.

ಹುಡುಗರಾಗಿದ್ದಾಗ ನಾವಿಬ್ಬರೂ ಇದೇ ಹೊಲದ ಚಕ್ಕಡಿ ದಾರಿಯ ಕೆಳಗಿನ ನೀರಿನ ಕೊಳವೆಗೆ ಚೆಂಡು ಬಿಟ್ಟಿದ್ದೆವು, ಅದು ಆಚೆ ಕಡೆ ಹೊರಬಂದಿತ್ತು. ಹಾಗೆಂದು ನಾನು ಹಲವು ಸಲ ಹೇಳಿದ್ದೇನೆ. ತನಗೆ ಸರಿಯಾಗಿ ನೆನಪಿಲ್ಲದಿದ್ದರೂ ನನ್ನ ಮಾತನ್ನು ನಂಬಿಯೇ ಅವನು ನಕ್ಷೆ ಬರೆದಿದ್ದ: ಚೆಂಡು ಮಣ್ಣಿನ ದಿಬ್ಬ ಇಳಿದು, ನೆಲದಲ್ಲಿ ಹೂತ ಹಳೆಯ ಬೆಲ್ಲದ ಕಡಾಯಿಯಲ್ಲಿ ಗಿರಗಿರ ತಿರುಗಿ, ತೂತಿನಿಂದ ಕಾಲುವೆಗೆ ಬಿದ್ದು, ಕೊಳವೆ ಹಾದು, ದಾರಿಯಾಚೆ ಎದ್ದು ಗುಳಿ ಸೇರಬೇಕು. ಬಸ್ಸಿನಲ್ಲಿ ಎಷ್ಟು ನೆನೆದರೂ ನನಗೆ ಚೆಂಡು ಒಳಹೋದದ್ದಷ್ಟೇ ಕಂಡಿತು.

ಹೊಲದಲ್ಲಿ ದಿಬ್ಬಗಳೇ ಇರಲಿಲ್ಲ. ನೆಲ ತಟ್ಟೆಯಂತೆ ಸಪಾಟಾಗಿತ್ತು.

"ನಮ್ಮ ತಾತ್ಯಾನ ಕೆಲಸ ನೋಡೋ," ಅಣ್ಣಾಸಾಬ ತಂದೆಯ ಕಡೆ ಕೈ ಮಾಡಿದ. "ಮಣ್ಣ ಹೇರಿ ಹೇರಿ ದಿಬ್ಬ ಮಾಡಿದ್ದೆ. ನಾ ನಿಪ್ಪಾಣಿಗೆ ಹೋಗಿ ಬರೂದ್ರಾಗ ಟ್ರ್ಯಾಕ್ಟರ್ ಹಚ್ಚಿ ಸಪಾಟ ಮಾಡ್ಯಾರ."

"ದಿಬ್ಬ ಇದ್ರ ನೀರ ಹೆಂಗ ಹಾಯ್ತಾವಲೇ?" ಎಂದರು ತಾತ್ಯಾ. ನನ್ನತ್ತ ತಿರುಗಿದರು. "ನೀ ಕಾಲೇಜ ಕಲತಾಂವ ಇದ್ದಿ, ಕೇಳು. ಇವತ್ತ ಚೆಂಡ ಆಚಿ ಕಡೆ ಬಂದ್ರ ಆಟ. ಬರ್ಲಿಲ್ಲಂದ್ರ ನಾಳೆ ಕಬ್ಬ ಹಚ್ಚತೀನಿ."

ಅಣ್ಣಾಸಾಬನ ಹೆಂಡತಿ ಸುನಂದಾ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದಳು. "ಮೊದಲ ಉಣ್ರಿ. ಸೋತ ಮ್ಯಾಲ ಇವ್ರಿಗೆ ತುತ್ತ ಇಳಿಯೂದಿಲ್ಲ."

ಉಂಡು ಪಂಪು ಹಚ್ಚಿದೆವು. ಅಣ್ಣಾಸಾಬ ಗಾಲ್ಫ್ ಕೋಲು ಬೀಸಿದ. ಚೆಂಡು ಕಡಾಯಿಯ ಅಂಚು ಹಿಡಿದು ಸುತ್ತಿ ಸುತ್ತಿ ತೂತಿಗೆ ಇಳಿಯಿತು, ಕಾಲುವೆಗೆ ಬಿತ್ತು, ಕೊಳವೆಯೊಳಗೆ ಮಾಯವಾಯಿತು. ನಾವು ದಾರಿಯಾಚೆಗೆ ಓಡಿದೆವು. ಬರೀ ನೀರು ಬರುತ್ತಿತ್ತು, ಜೊತೆಗೆ ರವದಿ, ಕಬ್ಬಿನ ಒಣ ಗರಿ.

"ಆವಾಗ ಬಂದಿತ್ತಂತಲ್ಲಪಾ?" ತಾತ್ಯಾ ನನ್ನನ್ನು ಕೇಳಿದರು.

"ಬಂದಿತ್ತು ಅನಸ್ತೈತ್ರಿ."

"ಅನಸೂದಂದ್ರೇನ?"

ಅಣ್ಣಾಸಾಬ ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡಿದ್ದ ರವದಿಯ ಒಂದು ಮುದ್ದೆ ಸಡಿಲಾಯಿತು. ಅದರ ಬೆನ್ನಿಗೇ ಚೆಂಡು ಚಿಮ್ಮಿ, ನೀರಿನೊಂದಿಗೆ ಉರುಳುತ್ತ ಹೋಗಿ ಗುಳಿಗೆ ಬಿತ್ತು. ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ತಾತ್ಯಾ ಮಗನ ಕೈಯಿಂದ ಕೋಲು ಇಸಿದುಕೊಂಡರು. ಅವರ ಚೆಂಡು ಕಡಾಯಿಯ ಪಕ್ಕಕ್ಕೆ ಹೋಗಿ ನಿಂತಿತು. ಮತ್ತೆ ಹೊಡೆದರು, ಮತ್ತೆ ನಿಂತಿತು. ಕೂತು, ತಲೆ ತಗ್ಗಿಸಿ ನೆಲವನ್ನು ದಿಟ್ಟಿಸಿದರು.

"ಅಣ್ಣ್ಯಾ, ಇಲ್ಲೊಂದೀಟ ಮಣ್ಣ ಏರಸಲೇ. ಚೆಂಡ ಕಡಾಯಿ ಕಡೆ ಹೊಳ್ಳವಲ್ದು."

"ನಾ ಮಾಡಿದ್ದ ದಿಬ್ಬ ಮತ್ತೇನಿತ್ತ?"

"ದಿಬ್ಬ ಬ್ಯಾಡ. ಬರೇ ಏರಸು."

ಸಂಜೆಯ ಬಸ್ಸು ಹತ್ತಿದೆ. ಅಂದು ಆ ಚೆಂಡು ನಿಜವಾಗಿ ಹೊರಬಂದಿತ್ತೋ ಇಲ್ಲವೋ, ಇವತ್ತಿನ ಚೆಂಡು ಅದಕ್ಕೆ ಸಾಕ್ಷಿಯಾಗದು. ಬಸ್ಸು ತಿರುಗುವಾಗ ಕಿಟಕಿಯಿಂದ ಕಂಡದ್ದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ತಾತ್ಯಾ ಧೋತರ ಮೇಲೆತ್ತಿ ಕಟ್ಟಿ, ಸಲಿಕೆ ಹಿಡಿದು, ತಾವೇ ದಿಬ್ಬ ಕಟ್ಟುತ್ತಿದ್ದರು.