ಹೊಸ್ತಿಲ ಕಾವಲು

ನಾನು ಶಹಾಪುರದ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಾಗ ಕೊಂಕಲ್‌ನ ಮುದುಕಿಯೊಬ್ಬಳು ಜ್ವರ, ಗಂಟಲು ನೋವು ಅಂತ ಸೊಸೆಯನ್ನು ಕರೆತಂದಳು. ಸೊಸೆ ನುಂಗುತ್ತಿದ್ದ ಥೈರಾಯ್ಡ್ ಗುಳಿಗೆ ಒಗ್ಗದೆ, ಸಾವಿರಗಟ್ಟಲೆ ಇರಬೇಕಾದ ಬಿಳಿ ರಕ್ತಕಣ ನೂರರ ಲೆಕ್ಕಕ್ಕೆ ಇಳಿದಿದ್ದವು. ಡಾಕ್ಟರು ಗುಳಿಗೆ ನಿಲ್ಲಿಸಿ, ಇಂಜೆಕ್ಷನ್ ಶುರು ಮಾಡಿ, ಅವಳನ್ನು ಒಂಟಿ ಕೋಣೆಗೆ ಹಾಕಿದರು. ಯಾರನ್ನೂ ಒಳಗೆ ಬಿಡಬೇಡ ಎಂದು ಅತ್ತೆಗೆ ಹೇಳುವ ಕೆಲಸ ನನ್ನದು.

ನಮ್ಮ ಕಡೆ ರೋಗಿಯನ್ನು ಮಾತಾಡಿಸಲು ಹೋಗದಿದ್ದರೆ ಸಂಬಂಧವೇ ಕೆಡುತ್ತದೆ. ಅಳುಕುತ್ತಲೇ ಹೇಳಿದೆ: "ರೋಗ ತಡಿಯೋ ಕಣ ಈಕಿ ಮೈಯಾಗ ಇಲ್ಲದಂಗ ಆಗ್ಯಾವ್ರಿ. ಮಂದಿ ಕೈಯಾಗಿನ ಹೊಲಸೂ ಈಕಿ ಜೀವಕ್ಕ ಬರ್ತದ."

"ನಾ ಕಾಯ್ತೀನಿ ಬಿಡ್ರಿ. ಕಾಲುವಿ ನೀರಿನ ಪಾಳಿ ಕಾದಾಕಿ ನಾ. ನಮ್ಮ ಪಾಳಿ ನೀರು ಒಬ್ಬರೂ ತಿರುವಿಕೊಂಡಿಲ್ಲ," ಎಂದು ಮುದುಕಿ ಹೊಸ್ತಿಲಿಗೆ ಅಡ್ಡ ಕುಳಿತಳು.

ಮರುದಿನ ಟ್ರ್ಯಾಕ್ಟರ್ ತುಂಬ ಬೀಗರು ಬಂದರು. ಮುದುಕಿಯ ಸ್ವಂತ ತಮ್ಮ, "ಒಂದು ಸಲ ತಲಿ ಮುಟ್ಟಿ ಬರ್ತೀನಕ್ಕ," ಎಂದು ಬೇಡಿಕೊಂಡ.

"ಕಿಡಕ್ಯಾಗ ನೋಡಿ ಹೋಗು."

ಅವನು ಚಹಾ ಕುಡಿಯದೆ ಹೋದ. ಅವಳು ಅಲುಗಲಿಲ್ಲ.

ಐದನೆಯ ದಿನ ನಾನು ಗಡಿಬಿಡಿಯಲ್ಲಿ ಸಿರಿಂಜ್ ಹಿಡಿದು ನುಗ್ಗಿದೆ. ಮುದುಕಿ ಕಾಲು ಚಾಚಿ ತಡೆದಳು.

"ಕೈ ತೊಳದ್ರೇನ್ರಿ?"

ತೊಳೆದಿರಲಿಲ್ಲ.

ಮುಂದಿನ ವಾರ ಕಣಗಳು ಏರಿದವು. ಸೊಸೆ ತನ್ನ ಕಾಲ ಮೇಲೆ ನಡೆದುಕೊಂಡೇ ಮನೆಗೆ ಹೋದಳು. ಆ ಮುದುಕಿಯನ್ನು ಕಾವಲಿಗೆ ತಯಾರು ಮಾಡಿದ್ದು ನಾನೇ ಎಂದು ಈಗ ಹೊಸ ನರ್ಸ್‌ಗಳಿಗೆಲ್ಲ ಎದೆಯುಬ್ಬಿಸಿ ಹೇಳುತ್ತೇನೆ. ಅವಳು ನನ್ನನ್ನು ನಲ್ಲಿಗೆ ವಾಪಸ್ ಅಟ್ಟಿದ್ದನ್ನು ಮಾತ್ರ ಹೇಳುವುದಿಲ್ಲ.