ಬಿಟ್ಟುಕೊಟ್ಟ ಪಿರಿಯಡ್

ಚರಿತ್ರೆ ಮೇಡಂ ಬಾಯಲ್ಲಿ ‘ಆಗಲ್ಲ’ ಎನ್ನುವ ಮಾತು ಬರುತ್ತಲೇ ಇರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ, ತಮ್ಮ ಕಿತ್ತಾಡಿದರೆ ತನ್ನ ಪಾಲನ್ನು ಇಬ್ಬರಿಗೂ ಹಂಚಿ ಜಗಳ ಆರಿಸುತ್ತಿದ್ದವರು. ಮದುವೆಯಾದ ಮೇಲೆ ಗಾಳಿ ಬರುವ ಕೋಣೆ ನಾದಿನಿಯ ಪಾಲಾಯಿತು. ಕೇಳಿದರೆ, “ನಂಗೇನು, ನಡೆಯುತ್ತೆ ಬಿಡಿ” ಎನ್ನುವರು. ಶಾಲೆಯ ಮಕ್ಕಳಿಗೆ ಅವರೆಂದರೆ ಪ್ರಾಣ. ಬೈಯಲು ಶುರು ಮಾಡಿದರೂ ಅರ್ಧದಲ್ಲೇ ಅವರಿಗೆ ನಗು ಬಂದುಬಿಡುತ್ತಿತ್ತು.

ಈ ಗುಣದ ಲಾಭ ಹೆಚ್ಚು ಸಿಕ್ಕಿದ್ದು ಡ್ರಿಲ್ ಮೇಷ್ಟ್ರಿಗೆ. ದೊಡ್ಡ ಗಂಟಲಿನ, ಆದರೆ ಕೆಟ್ಟವರೇನಲ್ಲದ ಮನುಷ್ಯ. ಪಂದ್ಯ ಹತ್ತಿರ ಬಂತೆಂದು ಒಂಬತ್ತನೇ ತರಗತಿಯ ಸೋಮವಾರದ ಚರಿತ್ರೆ ಪಿರಿಯಡ್ ಕೇಳಿದರು. “ಇದೊಂದೇ ಮೇಡಂ, ಮತ್ತೆ ಕೇಳಲ್ಲ.” ಪಂದ್ಯ ಮುಗಿಯಿತು, ಪಿರಿಯಡ್ ಮಾತ್ರ ವಾಪಸ್ ಬರಲಿಲ್ಲ. ಆಮೇಲೆ ಬುಧವಾರದ್ದೂ ಹೋಯಿತು.

ಉಳಿದಿದ್ದ ಶುಕ್ರವಾರಕ್ಕೆ ಓಲೈಕೆ ನೀತಿಯ ಪಾಠ ಬಂತು. ಪುಸ್ತಕದಲ್ಲಿದ್ದದ್ದು ನಾಲ್ಕು ಒಣ ಸಾಲು. ಮೇಡಂ ಅದನ್ನು ಮುಚ್ಚಿ ಮೇಜಿಗೆ ಒರಗಿ ನಿಂತರು.

“ಎರಡನೇ ಮಹಾಯುದ್ಧಕ್ಕೆ ಮುಂಚೆ ಜರ್ಮನಿ, ಪಕ್ಕದ ಚೆಕೊಸ್ಲೊವಾಕಿಯಾದ ಗಡಿನಾಡು ತನಗೆ ಬೇಕು ಅಂತ ಹಠ ಹಿಡೀತು. ಇದೇ ಕೊನೆ, ಮತ್ತೆ ಕೇಳಲ್ಲ ಅಂತ ಅಲ್ಲಿನ ಸರ್ವಾಧಿಕಾರಿ ಮಾತು ಕೊಟ್ಟ. ಬ್ರಿಟನ್, ಫ್ರಾನ್ಸಿನವರು ಕೊಟ್ಟು ಸಮಾಧಾನ ಮಾಡೋಣ ಅಂದ್ರು. ಅದೇ ಓಲೈಕೆ.”

“ಪುಕ್ಕಲರು,” ಎಂದಿತು ಹಿಂದಿನ ಬೆಂಚು.

“ಹಾಗನ್ನಬೇಡ್ರೋ. ಹಿಂದಿನ ಯುದ್ಧದಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಹೋಗಿಬಿಟ್ಟಿದ್ರು. ಇನ್ನೊಂದು ಬೇಡಪ್ಪ ಅನ್ನಿಸಿತ್ತು. ಒಪ್ಪಂದ ಆಯ್ತು ಅಂದಾಗ ಜನ ಬೀದಿಗೆ ಬಂದು ಜೈಕಾರ ಹಾಕಿದ್ರು. ಆರು ತಿಂಗಳಲ್ಲೇ ಜರ್ಮನಿಯ ಸೈನ್ಯ ಆ ದೇಶದ ಉಳಿದ ಕಡೆಗೂ ನುಗ್ಗಿತು.”

ಮುಂದಿನ ಬೆಂಚಿನ ಸಣ್ಣ ದನಿಯ ಹುಡುಗಿ, ಎಲ್ಲರೂ ಪೀಪಿ ಎಂದು ಕರೆಯುವವಳು, ಎದ್ದು ನಿಂತಳು. “ಆ ದೇಶದವರನ್ನ ಕೇಳಿದ್ರಾ ಮೇಡಂ?”

“ಇಲ್ಲ ಕಣಮ್ಮ. ಮಾತುಕತೆಗೇ ಸೇರಿಸ್ಕೊಳ್ಳಲಿಲ್ಲ.”

ಪೀಪಿ ಕೂರಲಿಲ್ಲ. “ಮತ್ತೆ, ನಮ್ಮ ಪಿರಿಯಡ್‌ನ ಡ್ರಿಲ್ ಸರ್‌ಗೆ ಕೊಟ್ರಲ್ಲ, ಅದೂ ಓಲೈಕೆನಾ?”

ಮೇಡಂ ನಗಲು ಹೋದರು, ಆಗಲಿಲ್ಲ. “ಅಷ್ಟು ದೊಡ್ಡದಲ್ಲ,” ಎಂದರು ಮೆಲ್ಲಗೆ. “ಆದ್ರೆ ಅದೇ ಬಳ್ಳಿಯ ಕಾಯಿ ಇರಬೇಕು.”

ಬಿಡುವಿನಲ್ಲಿ ಮೇಡಂ ಡ್ರಿಲ್ ಮೇಷ್ಟ್ರ ಮುಂದೆ ಹೋಗಿ ನಿಂತರು. ಮೇಷ್ಟ್ರು ವಿಸಿಲ್‌ನ ದಾರದ ಗಂಟು ಬಿಡಿಸುತ್ತ ಕೂತಿದ್ದರು.

“ಸರ್, ನನ್ನ ಸೋಮವಾರ, ಬುಧವಾರ ವಾಪಸ್ ಬೇಕು.”

“ಬೇಕಾ?” ಮೇಷ್ಟ್ರು ಕಣ್ಣರಳಿಸಿದರು. “ಮೊದಲೇ ಹೇಳೋದಲ್ವ ಮೇಡಂ? ಪಾಠ ಮಾಡೋದೇ ನಿಮಗೆ ಬೇಜಾರು ಅಂದ್ಕೊಂಡಿದ್ದೆ.”

ಇಷ್ಟು ದಿನ ನುಂಗಿಕೊಂಡಿದ್ದು ಇಷ್ಟಕ್ಕೇನಾ ಎಂದು ಮೇಡಂಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಸೋಮವಾರ ಗೆದ್ದವರ ಹಾಗೆ ತರಗತಿಗೆ ಬಂದು ಸುದ್ದಿ ಹೇಳಿದರೆ, ಮಕ್ಕಳ ಮುಖ ಜೋತುಬಿತ್ತು. ಕಂಕುಳಲ್ಲಿ ಚೆಂಡು ಇಟ್ಟುಕೊಂಡಿದ್ದ ಪೀಪಿಯೇ ಎದ್ದಳು. “ಈ ಸಲವೂ ನಮ್ಮನ್ನ ಕೇಳಲಿಲ್ಲ ಮೇಡಂ.”

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕು, ಕುರ್ಚಿ ಎಳೆದು ಅವರ ನಡುವೆ ಕೂತರು. ಚೌಕಾಸಿ ಶುರುವಾಯಿತು. ಮಕ್ಕಳು ಎಷ್ಟು ಗೋಗರೆದರೂ ಮೇಡಂ ಸೋಮವಾರ ಬಿಟ್ಟುಕೊಡಲಿಲ್ಲ. ಬುಧವಾರ, ಪಂದ್ಯವಿರುವ ತಿಂಗಳಲ್ಲಿ ಮಾತ್ರ ಆಟ ಎಂದು ತೀರ್ಮಾನವಾಯಿತು.

ಅಷ್ಟರಲ್ಲಿ ಮೈದಾನದಲ್ಲಿ ಕೆಲಸವಿಲ್ಲದ ಡ್ರಿಲ್ ಮೇಷ್ಟ್ರು ಬಾಗಿಲಿಗೆ ಬಂದು ನಿಂತರು. “ಮೇಡಂ, ಹುಡುಗರು ನನ್ನನ್ನ ಜರ್ಮನಿ ಅಂತಿದಾರಲ್ಲ, ಯಾಕೆ?”

“ಬನ್ನಿ ಸರ್, ಕೂತ್ಕೊಳ್ಳಿ,” ಎಂದರು ಮೇಡಂ. “ಮೊದಲಿಂದ ಹೇಳ್ತೀನಿ.”