ಬಾಗಿಲ ಹತ್ತಿರದ ಜಾಗ

ಇಂಗ್ಲೆಂಡಿನ ಬಂದರು ಊರು ಗ್ರಿಮ್ಸ್‌ಬಿಯಲ್ಲಿ ಥೆಲ್ಮಾ ಇಪ್ಪತ್ತು ವರ್ಷಕ್ಕೂ ಮೇಲೆ ಬಸ್ ಓಡಿಸಿದವಳು. ಗಂಡ ಡೆಸ್ಮಂಡ್ ಬಂದರಿನಲ್ಲಿ ಮೀನು ಕೊಯ್ಯುವ ಕೆಲಸದಲ್ಲಿದ್ದ. ಇಬ್ಬರೂ ನಿವೃತ್ತರಾಗಿ ನೆಮ್ಮದಿಯಾಗಿ ಕೂತರು ಅನ್ನುವ ಹೊತ್ತಿಗೆ ಥೆಲ್ಮಾಗೆ ಮರೆವು ಶುರುವಾಯಿತು. ಮೊದಮೊದಲು ಹೆಸರುಗಳು ಹೋದವು, ಆಮೇಲೆ ದಾರಿ. ಕಾಲು ಮಾತ್ರ ಗಟ್ಟಿಯಾಗಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಪೇಟೆಯಲ್ಲಿ ಕಾರು ನಿಲ್ಲಿಸಿ ಅಂಗಡಿ ಬಾಗಿಲು ಮುಟ್ಟುವಷ್ಟರಲ್ಲಿ ಡೆಸ್ಮಂಡನ ಜೀವ ಬಾಯಿಗೆ ಬರುತ್ತಿತ್ತು. ತನ್ನ ಬಸ್ಸಿಗೆ ಹೊತ್ತಾಯಿತೆಂದು ಅವಳು ಇದ್ದಕ್ಕಿದ್ದಂತೆ ಕೈ ಕೊಸರಿಕೊಂಡು, ಬರುವ ಕಾರುಗಳಿಗೆ ಎದುರಾಗಿ ದಾಪುಗಾಲು ಹಾಕಿಬಿಡುತ್ತಿದ್ದಳು. ಅಂಗವಿಕಲರಿಗೆ ಕೊಡುವ ನೀಲಿ ಬ್ಯಾಡ್ಜ್ ಕಾರಿನಲ್ಲಿದ್ದರೆ ಬಾಗಿಲ ಪಕ್ಕದಲ್ಲೇ ನಿಲ್ಲಿಸಬಹುದು, ಈಗ ಇಂಥ ಕಾಯಿಲೆಗೂ ಕೊಡುತ್ತಾರೆ ಎಂದು ಡಾಕ್ಟರು ಹೇಳಿದರು. ಅವನು ಅರ್ಜಿ ಹಾಕಿದ. ಬ್ಯಾಡ್ಜ್ ಕೊಡುವ ಊರಿನ ಕೌನ್ಸಿಲ್‌ನವರು ಇಬ್ಬರನ್ನೂ ಕರೆಸಿದರು.

ಅವತ್ತು ಥೆಲ್ಮಾ ಲಿಪ್‌ಸ್ಟಿಕ್ ಹಚ್ಚಿಕೊಂಡು ಹೊರಟಳು. ಪರೀಕ್ಷಿಸಿದ ರೊವೆನಾ ಎಂಬ ಹುಡುಗಿ ಒಳ್ಳೆಯವಳೇ. ನಡೆದು ತೋರಿಸಿ ಅಂದಾಗ ಥೆಲ್ಮಾ ತಲೆ ಎತ್ತಿಕೊಂಡು ಉದ್ದನೆಯ ಹಜಾರವನ್ನು ಆ ತುದಿಯಿಂದ ಈ ತುದಿಗೆ ನಡೆದಳು. ಹೊರಗೆ ಹೋದಾಗ ಏನಾಗುತ್ತದೆ ಎಂದು ರೊವೆನಾ ಡೆಸ್ಮಂಡನನ್ನು ಕೇಳಿದಳು. ಅವನು ಹೆಂಡತಿಯ ಮುಖ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು. ಸ್ವಲ್ಪ ಗಾಬರಿಯಾಗುತ್ತಾಳೆ ಅಷ್ಟೇ, ಹೆಚ್ಚೇನಿಲ್ಲ ಎಂದುಬಿಟ್ಟ. ಬ್ಯಾಡ್ಜ್ ಸಿಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಪೇಟೆಯ ಪಾರ್ಕಿಂಗ್‌ನಲ್ಲಿ ಅವಳು ಒಂದು ವ್ಯಾನಿನ ಮುಂದೆಯೇ ನುಗ್ಗಿದಳು. ಡೆಸ್ಮಂಡ್ ಮಣಿಕಟ್ಟು ಹಿಡಿದು ಎಳೆದ. ಅವನದು ವರ್ಷಗಟ್ಟಲೆ ಚೂರಿ ಹಿಡಿದ ಕೈ. ಯಾರೀ ಗಂಡಸು, ಬಿಡಿಸಿ ಎಂದು ಅವಳು ಕೂಗಿಕೊಂಡಳು. ಜನ ಸೇರಿದರು. ತಾನು ಗಂಡ ಎಂದು ಅವನು ಊರಿಗೆಲ್ಲ ಹೇಳಬೇಕಾಯಿತು. ಮಾರನೆಯ ದಿನ ಅವಳ ಮಣಿಕಟ್ಟಿನಲ್ಲಿ ಅವನ ಬೆರಳ ಗುರುತುಗಳು ನೀಲಿಗಟ್ಟಿ ಮೂಡಿದ್ದವು.

ಅವನು ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿದ. ಮತ್ತೊಮ್ಮೆ ಅರ್ಜಿ ಹಾಕೋಣವಾ ಎಂದು, ಉತ್ತರದ ಆಸೆಯಿಲ್ಲದೆ ಕೇಳಿದ. ಥೆಲ್ಮಾಗೆ ಅದು ತಲೆ ತಿಳಿಯಾಗಿದ್ದ ಬೆಳಿಗ್ಗೆ.

"ಹಾಕು. ಈ ಸಲ ಇದ್ದದ್ದು ಇದ್ದ ಹಾಗೆ ಹೇಳ್ಬಿಡು ಡೆಸ್."

"ನಿನ್ನೆದುರಿಗೆ ಹೇಗೆ ಹೇಳ್ಲಿ?"

"ಹೇಳೋ ಮಾರಾಯ. ಟೀ ಕುಡಿಯೋ ಹೊತ್ತಿಗೆ ಮರ್ತಿರ್ತೀನಿ."

ಇಬ್ಬರಿಗೂ ನಗು ಬಂತು. ಅವನದು ಬೇಗ ನಿಂತಿತು.

ಮತ್ತೆ ಅದೇ ಕೋಣೆ, ಅದೇ ರೊವೆನಾ. ಥೆಲ್ಮಾ ಅವರು ಬೇಕಾದರೆ ಹೊರಗೆ ಕೂತಿರಬಹುದಲ್ಲ ಎಂದು ಅವಳು ಮೆಲ್ಲಗೆ ಸೂಚಿಸಿದಳು. ನನ್ನ ವಿಷಯ, ನಾನೂ ಕೇಳ್ತೀನಿ ಎಂದು ಥೆಲ್ಮಾ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಡೆಸ್ಮಂಡ್ ನೆಲ ನೋಡುತ್ತಾ ಹೇಳಿದ. ಬಸ್ ಹುಡುಕುವುದು, ವ್ಯಾನು, ಅಂಗಡಿಯ ಸಾಲಿನಲ್ಲಿ ಬಟ್ಟೆ ಒದ್ದೆ ಮಾಡಿಕೊಂಡದ್ದು, ಗಂಡನನ್ನೇ ಯಾರೋ ಗಂಡಸೆಂದು ಕೂಗಿಕೊಂಡದ್ದು. ತನ್ನ ಕೈಯಿಂದ ಆದ ಗಾಯವನ್ನೂ ಹೇಳಿದ. ಆಗ ಥೆಲ್ಮಾ ಸ್ವೆಟರಿನ ತೋಳನ್ನು ಬೆರಳವರೆಗೂ ಎಳೆದುಕೊಂಡಳು. ವಾಪಸು ಬರುವಾಗ ಕಾರಿನಲ್ಲೂ ಅದನ್ನು ಬಿಡಲಿಲ್ಲ.

ಕೋಣೆ, ರೊವೆನಾ ಎಲ್ಲ ಅವಳಿಗೆ ಬೇಗನೆ ಮರೆತುಹೋಯಿತು. ಆದರೆ ಏನೋ ಒಂದು ಉಳಿದುಕೊಂಡಿತ್ತು. ಒಂದು ಮಧ್ಯಾಹ್ನ ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು.

"ನಿಂಗೆ ನನ್ನಿಂದ ಜನರೆದುರು ನಾಚಿಕೆ ಆಗುತ್ತಲ್ವಾ?"

ಇಲ್ಲ ಎಂದ. ಯಾರು ಹೇಳಿದರು ಎಂದ. ಯಾರೋ ಹೇಳಿದರು, ಯಾರೆಂದು ನೆನಪಿಲ್ಲ ಎಂದಳು. ಆಮೇಲೆ ಎಷ್ಟೋ ದಿನ ಅದನ್ನೇ ಕೇಳಿದಳು. ಅವನು ಪ್ರತಿ ಸಲವೂ ಇಲ್ಲ ಎಂದ. ಹೇಳಿದವನು ನಾನೇ ಎನ್ನಲು ಒಮ್ಮೆಯೂ ಬಾಯಿ ಬರಲಿಲ್ಲ.

ಬ್ಯಾಡ್ಜ್ ಬಂತು. ಮೊದಲ ಸಲ ಅದನ್ನು ಗಾಜಿನ ಹಿಂದಿಟ್ಟು, ಮೀನಂಗಡಿಯ ಬಾಗಿಲಿಗೇ ಕಾರು ತಂದು ನಿಲ್ಲಿಸಿದ. ಥೆಲ್ಮಾ ತಾನಾಗಿ ಇಳಿಯಲಿಲ್ಲ. ಅವನು ಸುತ್ತಿ ಬಂದು ಬಾಗಿಲು ತೆರೆದಾಗ, ಹಿಡಿದುಕೋ ಎಂಬಂತೆ ಮಣಿಕಟ್ಟು ಮುಂದೆ ಚಾಚಿದಳು. ಅವನಿಂದ ಅದನ್ನು ಮುಟ್ಟಲಾಗಲಿಲ್ಲ. ತನ್ನ ಮೊಣಕೈ ಕೊಟ್ಟ. ಅವಳು ತೋಳು ಸೇರಿಸಿದಳು. ನಾಲ್ಕು ಹೆಜ್ಜೆ ಇಡುವುದರೊಳಗೆ ಒಳಗಿದ್ದರು. ಏನೂ ಆಗಲಿಲ್ಲ.

ಅವನು ಹ್ಯಾಡಕ್ ಮೀನು ಕಟ್ಟಿಸುತ್ತಿದ್ದಾಗ ಅವಳು ಗಾಜಿನಾಚೆ ತಮ್ಮ ಕಾರನ್ನೇ ನೋಡುತ್ತಾ ನಿಂತಿದ್ದಳು.

"ನೋಡಲ್ಲಿ, ಯಾರೋ ಕುಂಟರ ಜಾಗದಲ್ಲಿ ಕಾರು ನಿಲ್ಲಿಸಿದ್ದಾರೆ. ಏನೂ ಆಗಿರಲ್ಲ ಅವ್ರಿಗೆ."

ಡೆಸ್ಮಂಡ್ ಮೀನಿನ ಪೊಟ್ಟಣ ಹಿಡಿದು ಅವಳ ಪಕ್ಕಕ್ಕೆ ಬಂದು ನಿಂತ.

"ಏನಾದ್ರೂ ಇರುತ್ತೆ ಬಿಡು, ಪಾಪ" ಅಂದ.

ಅವಳು ಒಪ್ಪಿದ ಹಾಗೆ ಕಾಣಲಿಲ್ಲ. ಅವಳ ಗಮನ ಬೇರೆ ಕಡೆ ಹೊರಳುವ ತನಕ ಅವನು ಅಲ್ಲೇ ನಿಂತು ಕಾದ. ಆಮೇಲೆ ಇಬ್ಬರೂ ಕಾರಿನ ಕಡೆ ಹೊರಟರು.